ಸಾಲು ಮುರಿಯದ ಪಟ್ಟಿ, ದಿಕ್ಕು ತಪ್ಪದ ಸರ್ವನಾಮ: ಇಂಗ್ಲಿಷ್ ವಾಕ್ಯ ತಿದ್ದುವ ಬಗೆ

ಮೂಡಿಗೆರೆಯಿಂದ ಸಕಲೇಶಪುರದವರೆಗೆ ಯಾವುದೇ ಹೋಮ್‌ಸ್ಟೇ ಜಾಹೀರಾತು ತೆಗೆದುಕೊಳ್ಳಿ, ಇಂಥದೊಂದು ವಾಕ್ಯ ಸಿಗುವ ಸಂಭವ ಹೆಚ್ಚು: ‘ಅವರ್ ಹೋಮ್‌ಸ್ಟೇ ಹ್ಯಾಸ್ ಫೋರ್ ರೂಮ್ಸ್, ಹಾಟ್ ವಾಟರ್ ಅಂಡ್ ಈಸ್ ನಿಯರ್ ಮುಳ್ಳಯ್ಯನಗಿರಿ.’ ತೋಟದ ಆಫೀಸಿನಿಂದ ಹೊರಡುವ ಪತ್ರದಲ್ಲಿ ಇನ್ನೊಂದು (ರೈಟರ್ ಎಂದರೆ ತೋಟದ ಲೆಕ್ಕ ಬರೆಯುವ ಗುಮಾಸ್ತ): ‘ದಿ ರೈಟರ್ ಟೋಲ್ಡ್ ದಿ ಡ್ರೈವರ್ ದಟ್ ಹಿಸ್ ಸ್ಯಾಲರಿ ವಾಸ್ ಕಟ್.’ ಮೊದಲನೆಯದರ ಅರ್ಥ ತಿಳಿಯುತ್ತದೆ, ಆದರೆ ‘ಈಸ್’ ಬಂದ ಕಡೆ ಓದುವವರು ಎಡವುತ್ತಾರೆ. ಎರಡನೆಯದರಲ್ಲಿ ಎಡವುವುದೇ ಇಲ್ಲ, ಸಲೀಸಾಗಿ ಓದಿ ತಪ್ಪು ತಿಳಿದುಕೊಳ್ಳುತ್ತಾರೆ. ಸಂಬಳ ಕಡಿತವಾದದ್ದು ರೈಟರಿಗೋ ಡ್ರೈವರಿಗೋ? ಹೆಚ್ಚು ಅಪಾಯ ಈ ಎರಡನೇ ಬಗೆಯದು.

ಈ ಎರಡು ತಪ್ಪುಗಳೂ ವ್ಯಾಕರಣ ಓದದಿರುವುದರಿಂದ ಆಗುವಂಥವಲ್ಲ. ಕನ್ನಡ ಪ್ರತ್ಯಯದಿಂದ ಮಾಡುವ ಕೆಲಸವನ್ನು ಇಂಗ್ಲಿಷು ಪದದ ಜಾಗ ಮತ್ತು ಪದದ ರೂಪದಿಂದ ಮಾಡುತ್ತದೆ. ನಮ್ಮ ಪ್ರತ್ಯಯಗಳು ಅಲ್ಲಿ ಉದುರಿಹೋಗುತ್ತವೆ, ಅವುಗಳ ಬದಲಿಗೆ ಏನು ಇಡಬೇಕೆಂದು ಯಾರೂ ಬಿಡಿಸಿ ಹೇಳಿರುವುದಿಲ್ಲ. ಕೆಳಗೆ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ದಯವಿಟ್ಟು ಬಾಯಿಬಿಟ್ಟು ಓದಿ. ಈ ಕೆಲಸದಲ್ಲಿ ಅರ್ಧ ಪರೀಕ್ಷೆ ಕಿವಿಯದು.

ಪಟ್ಟಿಯ ಸಾಲು

‘ಕಾಫಿಯೂ ಮೆಣಸೂ ಏಲಕ್ಕಿಯೂ ಬೆಳೀತೀವಿ’ ಅನ್ನುತ್ತೇವೆ. ‘ಕಾಫಿಯೂ ಮೆಣಸು ಏಲಕ್ಕಿಯೂ’ ಅಂದರೆ ಕಿವಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ. ‘ಬರೋದೂ ಇಲ್ಲ, ಫೋನ್ ಮಾಡೋದೂ ಇಲ್ಲ’ ಅನ್ನುವವರು ಎಂದೂ ‘ಬರೋದೂ ಇಲ್ಲ, ಫೋನ್ ಮಾಡಿಯೂ ಇಲ್ಲ’ ಎಂದು ಬೆರೆಸುವುದಿಲ್ಲ. ಒಂದಕ್ಕೆ ‘ಊ’ ಹಚ್ಚಿದರೆ ಎಲ್ಲಕ್ಕೂ ಹಚ್ಚಬೇಕು ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ, ಆದರೂ ತಪ್ಪುವುದಿಲ್ಲ. ಇಂಗ್ಲಿಷಿನ ಪ್ಯಾರಲಲ್ ಸ್ಟ್ರಕ್ಚರ್ ಎಂದರೆ ಇದೇ ಶಿಸ್ತು. ‘ಅಂಡ್’, ‘ಆರ್’, ‘ಬಟ್’ಗಳಿಂದ ಜೋಡಿಸಿದ ತುಂಡುಗಳೆಲ್ಲ ಒಂದೇ ರೂಪದಲ್ಲಿರಬೇಕು: ನಾಮಪದವಾದರೆ ಎಲ್ಲ ನಾಮಪದ, ‘ಇಂಗ್’ ರೂಪವಾದರೆ ಎಲ್ಲ ‘ಇಂಗ್’, ‘ಟು’ ರೂಪವಾದರೆ ಎಲ್ಲ ‘ಟು’.

ಪರೀಕ್ಷಿಸುವ ಕ್ರಮ ಹೀಗೆ. ವಾಕ್ಯದಲ್ಲಿ ‘ಅಂಡ್’ ಎಲ್ಲಿದೆ ಎಂದು ಗುರುತು ಮಾಡಿ. ಅದರ ಬಲಕ್ಕೆ ಇರುವ ತುಂಡು ಯಾವ ರೂಪದ್ದು ನೋಡಿ. ಈಗ ಎಡಕ್ಕೆ ಹೋಗಿ, ಅದೇ ಸಾಲಿನ ಉಳಿದ ತುಂಡುಗಳನ್ನು ಹುಡುಕಿ. ಮೊದಲ ತುಂಡಿಗಿಂತ ಹಿಂದೆ ಇರುವುದೆಲ್ಲ ಬುಡ. ಬುಡವನ್ನು ಒಮ್ಮೆ ಬರೆದು, ತುಂಡುಗಳನ್ನು ರೆಂಬೆಗಳಂತೆ ಒಂದರ ಕೆಳಗೊಂದು ಬರೆಯಿರಿ. ಪ್ರತಿಯೊಂದು ರೆಂಬೆಯನ್ನೂ ಬುಡಕ್ಕೆ ಸೇರಿಸಿ ಗಟ್ಟಿಯಾಗಿ ಓದಿ.

ಮೇಲಿನ ಹೋಮ್‌ಸ್ಟೇ ವಾಕ್ಯದ ಬುಡ ‘ಅವರ್ ಹೋಮ್‌ಸ್ಟೇ ಹ್ಯಾಸ್’. ಅದಕ್ಕೆ ‘ಫೋರ್ ರೂಮ್ಸ್’ ಕೂಡುತ್ತದೆ, ‘ಹಾಟ್ ವಾಟರ್’ ಕೂಡುತ್ತದೆ. ಮೂರನೆಯದನ್ನು ಸೇರಿಸಿದರೆ ‘ಅವರ್ ಹೋಮ್‌ಸ್ಟೇ ಹ್ಯಾಸ್ ಈಸ್ ನಿಯರ್’ ಆಗುತ್ತದೆ. ಮುರಿದದ್ದು ಇಲ್ಲೇ.

ತಿದ್ದಲು ಎರಡು ದಾರಿ. ಮೂರನೆಯದನ್ನೂ ನಾಮಪದ ಮಾಡಿ ‘ಫೋರ್ ರೂಮ್ಸ್, ಹಾಟ್ ವಾಟರ್ ಅಂಡ್ ಎ ವ್ಯೂ ಆಫ್ ಮುಳ್ಳಯ್ಯನಗಿರಿ’ ಎನ್ನಬಹುದು. ರಚನೆ ಸರಿಹೋಯಿತು, ಆದರೆ ಹೋಮ್‌ಸ್ಟೇಯಿಂದ ಬೆಟ್ಟ ಕಾಣದೇ ಇದ್ದರೆ ಅದು ಸುಳ್ಳು. ವ್ಯಾಕರಣ ಕೂಡಿಸಲು ಹೋಗಿ ವಿಷಯ ಬದಲಿಸಬಾರದು. ಎರಡನೇ ದಾರಿಯೇ ಹೆಚ್ಚು ಸಲ ಸರಿ: ಎರಡು ವಸ್ತುಗಳ ಪಟ್ಟಿಯನ್ನು ಅಲ್ಲೇ ಮುಗಿಸಿ, ಹೊಸ ಕ್ರಿಯಾಪದಕ್ಕೆ ಹೊಸ ಕರ್ತೃ ಕೊಡುವುದು. ‘ಅವರ್ ಹೋಮ್‌ಸ್ಟೇ ಹ್ಯಾಸ್ ಫೋರ್ ರೂಮ್ಸ್ ಅಂಡ್ ಹಾಟ್ ವಾಟರ್, ಅಂಡ್ ಇಟ್ ಈಸ್ ನಿಯರ್ ಮುಳ್ಳಯ್ಯನಗಿರಿ.’ ಇಲ್ಲಿ ‘ಅಂಡ್’ ಎರಡು ಸಲ ಬಂದಿದೆ, ಬರಲೇಬೇಕು. ಒಂದು ಪಟ್ಟಿಗೆ ಒಂದು ‘ಅಂಡ್’. ಎರಡು ಪಟ್ಟಿಯ ಕೆಲಸವನ್ನು ಒಂದೇ ‘ಅಂಡ್’ ಮೇಲೆ ಹೇರುವುದರಿಂದಲೇ ಇಂಥ ವಾಕ್ಯಗಳು ಮುರಿಯುತ್ತವೆ.

ಇನ್ನೊಂದು ತಪ್ಪಿನ ಬೇರು ನೇರವಾಗಿ ಕನ್ನಡದಲ್ಲಿದೆ. ‘ಆಳುಗಳು ಹಣ್ಣು ಕುಯ್ದು, ಪಲ್ಪರ್‌ಗೆ ಹಾಕಿ, ತೊಳೆದು, ಕಣದಲ್ಲಿ ಒಣಗಿಸಿದರು.’ ಇಲ್ಲಿ ಕಾಲ ಗೊತ್ತಾಗುವುದು ಕೊನೆಯ ಕ್ರಿಯಾಪದದಲ್ಲಿ ಮಾತ್ರ. ಹಿಂದಿನವೆಲ್ಲ ‘ಕುಯ್ದು, ಹಾಕಿ, ತೊಳೆದು’ ಎಂದು ಅರ್ಧಕ್ಕೆ ನಿಂತಿವೆ. ಇದೇ ಲಯದಲ್ಲಿ ಇಂಗ್ಲಿಷ್ ಬರೆಯಲು ಹೊರಟರೆ ‘ದಿ ವರ್ಕರ್ಸ್ ಪಿಕಿಂಗ್ ದಿ ಫ್ರೂಟ್, ಪಲ್ಪಿಂಗ್, ವಾಷಿಂಗ್ ಅಂಡ್ ಡ್ರೈಡ್ ಇಟ್ ಇನ್ ದಿ ಯಾರ್ಡ್’ ಆಗುತ್ತದೆ. ‘ಕುಯ್ದು’ ಎಂಬುದಕ್ಕೆ ಮನಸ್ಸು ‘ಪಿಕಿಂಗ್’ ಎಂಬ ಜೋಡಿ ಹುಡುಕಿಕೊಂಡಿದೆ. ಇಂಗ್ಲಿಷಿನ ಪಟ್ಟಿಯಲ್ಲಿ ಪ್ರತಿ ಕ್ರಿಯಾಪದವೂ ತನ್ನ ಕಾಲವನ್ನು ತಾನೇ ಹೊರಬೇಕು: ‘ದಿ ವರ್ಕರ್ಸ್ ಪಿಕ್ಡ್ ದಿ ಫ್ರೂಟ್, ಪಲ್ಪ್ಡ್ ಇಟ್, ವಾಶ್ಡ್ ದಿ ಬೀನ್ಸ್ ಅಂಡ್ ಡ್ರೈಡ್ ದೆಮ್ ಇನ್ ದಿ ಯಾರ್ಡ್.’

ತಿದ್ದಿದ ವಾಕ್ಯವನ್ನು ಇನ್ನೊಮ್ಮೆ ಹತ್ತಿರದಿಂದ ನೋಡಿ. ಮೊದಲು ‘ಇಟ್’, ಕೊನೆಗೆ ‘ದೆಮ್’. ಪಲ್ಪರ್‌ಗೆ ಹೋಗುವುದು ಹಣ್ಣು, ಅದಕ್ಕೆ ‘ಇಟ್’. ಪಲ್ಪರ್ ಸಿಪ್ಪೆ ಸುಲಿದ ಮೇಲೆ ತೊಟ್ಟಿಗೂ ಕಣಕ್ಕೂ ಹೋಗುವುದು ಬೀಜ, ಅದಕ್ಕೆ ‘ದೆಮ್’. ವಸ್ತು ಬದಲಾದ ಕಡೆ ಅದರ ಹೆಸರನ್ನು ಒಮ್ಮೆ ಹೇಳಿ ಆಮೇಲೆ ಸರ್ವನಾಮ ಬದಲಿಸಬೇಕು. ಕೊನೆಯವರೆಗೂ ‘ಇಟ್’ ಎಂದೇ ಎಳೆದರೆ ಹಣ್ಣನ್ನೇ ತೊಳೆದು ಒಣಗಿಸಿದರು ಎಂದಾಗುತ್ತದೆ. ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಬೀಜ) ಮಾಡಿದ್ದೀರೋ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮಾಡಿದ್ದೀರೋ ಎಂದು ಓದುವವರಿಗೆ ಗೊಂದಲವಾಗುತ್ತದೆ, ಮತ್ತು ಕಾಫಿ ಕೊಳ್ಳುವವರಿಗೆ ಆ ವ್ಯತ್ಯಾಸ ಸಣ್ಣದಲ್ಲ.

ಜೋಡಿಪದಗಳ ವಿಷಯ. ‘ನಾಟ್ ಓನ್ಲಿ’ಗೆ ‘ಬಟ್ ಆಲ್ಸೋ’, ‘ಈದರ್’ಗೆ ‘ಆರ್’, ‘ನೀದರ್’ಗೆ ‘ನಾರ್’, ‘ಬೋತ್’ಗೆ ‘ಅಂಡ್’. ನಿಯಮ ಒಂದೇ: ಮೊದಲ ಪದದ ಬೆನ್ನಿಗೆ ಏನು ಬಂದಿದೆಯೋ ಎರಡನೇ ಪದದ ಬೆನ್ನಿಗೂ ಅದೇ ಜಾತಿಯದು ಬರಬೇಕು. ‘ವಿ ನಾಟ್ ಓನ್ಲಿ ವಿಸಿಟೆಡ್ ಬೇಲೂರು ಬಟ್ ಆಲ್ಸೋ ಹಳೇಬೀಡು’ ಎಂಬಲ್ಲಿ ಒಂದರ ಬೆನ್ನಿಗೆ ಕ್ರಿಯಾಪದ, ಇನ್ನೊಂದರ ಬೆನ್ನಿಗೆ ಊರು. ಕನ್ನಡದಲ್ಲಿ ‘ಬೇಲೂರನ್ನಷ್ಟೇ ಅಲ್ಲ, ಹಳೇಬೀಡನ್ನೂ ನೋಡಿದೆವು’ ಎನ್ನುವಾಗ ‘ಅಷ್ಟೇ’ ಬೇಲೂರಿಗೆ ಅಂಟಿ ಕೂತಿರುತ್ತದೆ. ಇಂಗ್ಲಿಷಿನಲ್ಲೂ ಹಾಗೇ ಊರಿನ ಪಕ್ಕಕ್ಕೆ ತನ್ನಿ: ‘ವಿ ವಿಸಿಟೆಡ್ ನಾಟ್ ಓನ್ಲಿ ಬೇಲೂರು ಬಟ್ ಆಲ್ಸೋ ಹಳೇಬೀಡು.’ ಎರಡು ಬೇರೆ ಬೇರೆ ಕೆಲಸ ಮಾಡಿದ್ದರೆ ಮಾತ್ರ ಕ್ರಿಯಾಪದದ ಹಿಂದೆ ಇಡಬೇಕು: ‘ವಿ ನಾಟ್ ಓನ್ಲಿ ವಿಸಿಟೆಡ್ ಬೇಲೂರು ಬಟ್ ಆಲ್ಸೋ ಕ್ಲೈಂಬ್ಡ್ ಮುಳ್ಳಯ್ಯನಗಿರಿ.’ ಬ್ಯಾಂಕ್ ಪರೀಕ್ಷೆಗಳ ತಪ್ಪು ಹುಡುಕುವ ಪ್ರಶ್ನೆಯಲ್ಲಿ ಇಂಥ ಜೋಡಿಪದ ಕಂಡ ಕೂಡಲೇ ಬೇರೇನೂ ನೋಡುವ ಮೊದಲು ಎರಡರ ಬೆನ್ನು ನೋಡಿ.

ಹೋಲಿಕೆಯಲ್ಲೂ ಸಾಲು ಮುರಿಯುತ್ತದೆ. ‘ದಿ ರೈನ್ ಇನ್ ಸಕಲೇಶಪುರ ಈಸ್ ಹೆವಿಯರ್ ದ್ಯಾನ್ ಅರಸೀಕೆರೆ’ ಎಂದರೆ ಮಳೆಯನ್ನು ಒಂದು ಊರಿನ ಜೊತೆ ತೂಗಿದ ಹಾಗೆ. ಮಾತಿನಲ್ಲಿ ‘ಸಕಲೇಶಪುರದ ಮಳೆ ಅರಸೀಕೆರೆಗಿಂತ ಜೋರು’ ನಡೆಯುತ್ತದೆ, ಆದ್ದರಿಂದಲೇ ಈ ತಪ್ಪು ನಮ್ಮ ಕಣ್ಣಿಗೆ ಬೀಳುವುದಿಲ್ಲ. ‘ದ್ಯಾನ್ ದಟ್ ಇನ್ ಅರಸೀಕೆರೆ’ ಎಂದು ಬರೆಯಿರಿ. ಬಹುವಚನವಾದರೆ ‘ದೋಸ್’: ‘ದಿ ಎಸ್ಟೇಟ್ಸ್ ಇನ್ ಮೂಡಿಗೆರೆ ಆರ್ ವೆಟರ್ ದ್ಯಾನ್ ದೋಸ್ ಇನ್ ಬೇಲೂರು.’

ಸಣ್ಣ ಪದಗಳನ್ನು ಪ್ರತಿ ತುಂಡಿಗೂ ಹಾಕಿ, ಇಲ್ಲವೇ ಮೊದಲನೆಯದಕ್ಕೆ ಮಾತ್ರ ಹಾಕಿ. ‘ಟು ಪಿಕ್, ವಾಶ್ ಅಂಡ್ ಡ್ರೈ’ ಸರಿ; ‘ಟು ಪಿಕ್, ಟು ವಾಶ್ ಅಂಡ್ ಟು ಡ್ರೈ’ ಕೂಡ ಸರಿ; ‘ಟು ಪಿಕ್, ವಾಶ್ ಅಂಡ್ ಟು ಡ್ರೈ’ ತಪ್ಪು. ‘ದಟ್’ ಮಾತ್ರ ಬೇರೆ ಲೆಕ್ಕ, ಅದನ್ನು ಪ್ರತಿ ಸಲವೂ ಹೇಳುವುದೇ ಲೇಸು. ‘ದಿ ಮ್ಯಾನೇಜರ್ ಸೆಡ್ ದಟ್ ದಿ ಬಸ್ ವುಡ್ ಲೀವ್ ಅಟ್ ಸಿಕ್ಸ್ ಅಂಡ್ ದಿ ಟಿಕೆಟ್ಸ್ ವರ್ ಸೋಲ್ಡ್ ಔಟ್.’ ಟಿಕೆಟ್ ಮುಗಿದ ಸಂಗತಿ ಮ್ಯಾನೇಜರ್ ಹೇಳಿದ್ದೋ, ಬರೆದವರು ಸೇರಿಸಿದ್ದೋ? ಕನ್ನಡದಲ್ಲಿ ‘ಅಂತ’ ಕೊನೆಯಲ್ಲಿ ಬಂದು ಎರಡನ್ನೂ ಒಟ್ಟಿಗೆ ಕಟ್ಟುತ್ತದೆ. ಇಂಗ್ಲಿಷಿನಲ್ಲಿ ಕಟ್ಟು ಮುಂದೆ ಇರುವುದರಿಂದ ‘ಅಂಡ್ ದಟ್ ದಿ ಟಿಕೆಟ್ಸ್’ ಎಂದು ಇನ್ನೊಮ್ಮೆ ಕಟ್ಟಬೇಕು.

ಕೆಲಸದ ಅರ್ಜಿಯಲ್ಲಿ ಹಿಂದಿನ ಅನುಭವ ಬರೆಯುವಾಗ ಪ್ರತಿ ಸಾಲನ್ನೂ ಭೂತಕಾಲದ ಕ್ರಿಯಾಪದದಿಂದ ಶುರುಮಾಡಿ: ‘ಕೆಪ್ಟ್ ದಿ ಅಟೆಂಡೆನ್ಸ್ ರಿಜಿಸ್ಟರ್’, ‘ಚೆಕ್ಡ್ ದಿ ಸ್ಟಾಕ್’, ‘ಪೇಯ್ಡ್ ದಿ ವೀಕ್ಲಿ ವೇಜಸ್’. ನಡುವೆ ‘ರೆಸ್ಪಾನ್ಸಿಬಲ್ ಫಾರ್’ ಎಂದು ಒಂದು ಸಾಲು ನುಸುಳಿದರೆ ಉಳಿದ ಸಾಲುಗಳೂ ಸಡಿಲವಾಗಿ ಕಾಣುತ್ತವೆ.

‘ತನ್ನ’ ಇಲ್ಲದ ಭಾಷೆ

ಸರ್ವನಾಮದ ವಿಷಯದಲ್ಲಿ ಕನ್ನಡಿಗರು ಸಿರಿವಂತರು. ಅವನು, ಅವಳು, ಅವರು, ಅದು, ಅವು. ಹತ್ತಿರದವರಿಗೆ ಇವನು, ಇವಳು, ಇವರು. ಸರ್ವನಾಮ ಬಿಟ್ಟರೂ ‘ಬಂದ, ಬಂದಳು, ಬಂದರು’ ಎಂದು ಕ್ರಿಯಾಪದದ ಬಾಲವೇ ಯಾರೆಂದು ಹೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ‘ತಾನು’ ಇದೆ. ‘ರಮೇಶ ಮಂಜನಿಗೆ ತನ್ನ ಬೈಕ್ ಕೊಟ್ಟ’ ಎಂದರೆ ಬೈಕು ರಮೇಶನದು. ‘ಅವನ ಬೈಕ್ ಕೊಟ್ಟ’ ಎಂದರೆ ಮಂಜನದೋ ಇನ್ನೊಬ್ಬನದೋ ಇರಬೇಕು. ಇಂಗ್ಲಿಷಿಗೆ ಬಂದರೆ ಎರಡೂ ‘ಹಿಸ್ ಬೈಕ್’. ಬರೆದವರ ತಲೆಯಲ್ಲಿ ‘ತನ್ನ’ ಎಂದು ಸ್ಪಷ್ಟವಾಗಿ ಇರುವುದರಿಂದ ಅವರಿಗೆ ಸಂದೇಹವೇ ಬರುವುದಿಲ್ಲ. ಓದುವವರ ಕೈಗೆ ಸಿಗುವುದು ಬರೀ ‘ಹಿಸ್’.

ಹಾಗಾಗಿ ‘ಹಿಸ್’, ‘ಹರ್’, ‘ದೆರ್’ ಬರೆದಾಗೆಲ್ಲ ಮನಸ್ಸಿನಲ್ಲಿ ‘ತನ್ನ’ವೋ ‘ಅವನ’ವೋ ಎಂದು ಕೇಳಿಕೊಳ್ಳಿ. ‘ತನ್ನ’ ಆದರೆ ‘ಹಿಸ್ ಓನ್ ಬೈಕ್’. ‘ಅವನ’ ಆದರೆ ಹೆಸರು ಹೇಳಿ, ‘ಮಂಜಾಸ್ ಬೈಕ್’. ರೈಟರು ಮತ್ತು ಡ್ರೈವರಿನ ವಾಕ್ಯಕ್ಕೆ ನೇರ ಮಾತು ಒಳ್ಳೆಯ ಮದ್ದು: ‘ದಿ ರೈಟರ್ ಟೋಲ್ಡ್ ದಿ ಡ್ರೈವರ್, “ಯುವರ್ ಸ್ಯಾಲರಿ ಹ್ಯಾಸ್ ಬೀನ್ ಕಟ್.”’ ಪತ್ರದಲ್ಲಿ ನೇರ ಮಾತು ಒಗ್ಗದಿದ್ದರೆ ‘ದಿ ರೈಟರ್ ಇನ್‌ಫಾರ್ಮ್ಡ್ ದಿ ಡ್ರೈವರ್ ದಟ್ ದಿ ಡ್ರೈವರ್ಸ್ ಸ್ಯಾಲರಿ ಹ್ಯಾಡ್ ಬೀನ್ ಕಟ್’ ಎನ್ನಿ. ‘ಡ್ರೈವರ್’ ಎರಡು ಸಲ ಬಂತು ಎಂದು ಹಿಂಜರಿಯಬೇಡಿ. ಪದ ಮರುಕಳಿಸಬಾರದು ಎಂಬ ಶಾಲೆಯ ಪ್ರಬಂಧದ ಪಾಠ ವರದಿಗೂ ದೂರಿಗೂ ಒಪ್ಪಂದಕ್ಕೂ ಸಲ್ಲದು. ಅಲ್ಲಿ ಹೆಸರು ಮರುಕಳಿಸುವುದರಿಂದ ಯಾರಿಗೂ ನಷ್ಟವಿಲ್ಲ, ಸರ್ವನಾಮ ಜಾರಿದರೆ ಇದೆ.

ಪರೀಕ್ಷೆ ಪೆನ್ಸಿಲಿನದು. ‘ಹಿ, ಶಿ, ಇಟ್, ದೆ, ದೆಮ್, ಹಿಸ್, ಹರ್, ದಿಸ್, ದಟ್, ವಿಚ್’ ಎಲ್ಲೆಲ್ಲಿ ಇವೆಯೋ ಸುತ್ತುಹಾಕಿ. ಒಂದೊಂದರಿಂದಲೂ ಹಿಂದಕ್ಕೆ ಬಾಣ ಎಳೆದು ಅದು ಹೇಳುವ ನಾಮಪದಕ್ಕೆ ಮುಟ್ಟಿಸಿ. ಬಾಣ ಒಂದೇ ಪದಕ್ಕೆ ಮುಟ್ಟಿದರೆ ಸರಿ. ಎರಡು ಪದ ಮುಟ್ಟಬಹುದಾದರೆ, ಯಾವ ಪದವನ್ನೂ ಮುಟ್ಟದಿದ್ದರೆ, ಇಡೀ ವಾಕ್ಯವನ್ನು ಮುಟ್ಟಿದರೆ ತಿದ್ದಬೇಕು.

ಯಾವುದನ್ನೂ ಮುಟ್ಟದ ಬಾಣ: ‘ಇನ್ ಹಾಸನ್ ದೆ ಗ್ರೋ ಪೊಟೇಟೋಸ್.’ ‘ಹಾಸನದ ಕಡೆ ಆಲೂಗಡ್ಡೆ ಬೆಳೀತಾರೆ’ ಎಂಬ ವಾಕ್ಯಕ್ಕೆ ಕನ್ನಡದಲ್ಲಿ ಕರ್ತೃ ಬೇಕಿಲ್ಲ. ಇಂಗ್ಲಿಷಿಗೆ ಬೇಕು, ಅದಕ್ಕೆ ಸಿಕ್ಕಿದ್ದು ‘ದೆ’. ಬರಹದಲ್ಲಿ ‘ಫಾರ್ಮರ್ಸ್ ಇನ್ ಹಾಸನ್ ಗ್ರೋ ಪೊಟೇಟೋಸ್’ ಎನ್ನಿ.

ಇಡೀ ವಾಕ್ಯ ಮುಟ್ಟುವ ಬಾಣ ಸಾಮಾನ್ಯವಾಗಿ ‘ದಿಸ್’ ಅಥವಾ ‘ವಿಚ್’ನಿಂದ ಹೊರಡುತ್ತದೆ. ‘ದಿ ಬ್ಲಾಸಮ್ ಶವರ್ಸ್ ವರ್ ಲೇಟ್ ಅಂಡ್ ದಿ ಪಂಪ್ ಬ್ರೋಕ್ ಡೌನ್. ದಿಸ್ ರಿಡ್ಯೂಸ್ಡ್ ದಿ ಕ್ರಾಪ್.’ ಹೂಮಳೆ ತಡವಾದರೆ ಸ್ಪ್ರಿಂಕ್ಲರ್ ಹಾಕಿ ಹೂ ಅರಳಿಸುತ್ತಾರೆ. ಪಂಪು ಕೆಟ್ಟರೆ ಅದೂ ಇಲ್ಲ. ಫಸಲು ಇಳಿದದ್ದು ಮಳೆಯಿಂದಲೋ ಪಂಪಿನಿಂದಲೋ ಎರಡೂ ಸೇರಿಯೋ ಎಂಬುದು ಇಲ್ಲಿ ನಿಜವಾಗಿ ಬೇಕಾದ ಮಾಹಿತಿ, ‘ದಿಸ್’ ಅದನ್ನು ನುಂಗಿಬಿಟ್ಟಿದೆ. ‘ದಿಸ್’ ಪಕ್ಕದಲ್ಲಿ ಒಂದು ನಾಮಪದ ಇಡಿ: ‘ದಿಸ್ ಡಿಲೇ’ ಎಂದರೆ ಮಳೆ, ‘ದಿಸ್ ಬ್ರೇಕ್‌ಡೌನ್’ ಎಂದರೆ ಪಂಪು, ‘ದೀಸ್ ಟು ಪ್ರಾಬ್ಲಮ್ಸ್’ ಎಂದರೆ ಎರಡೂ. ‘ದಿಸ್’ ಒಂಟಿಯಾಗಿ ವಾಕ್ಯ ಶುರುಮಾಡಬಾರದು ಎಂಬ ಒಂದೇ ಅಭ್ಯಾಸ ಹಿಡಿದರೂ ವರದಿಯ ಇಂಗ್ಲಿಷ್ ಎದ್ದು ಕಾಣುವಷ್ಟು ಸುಧಾರಿಸುತ್ತದೆ.

ಎರಡನ್ನು ಮುಟ್ಟುವ ಬಾಣಕ್ಕೆ ಹೆಚ್ಚಿನ ಕಾರಣ ದೂರ. ‘ದಿ ಟೆಂಪಲ್ ಅಟ್ ಬೇಲೂರು ವಾಸ್ ಕಾನ್ಸಿಕ್ರೇಟೆಡ್ ಇನ್ 1117. ದಿ ಟೌನ್ ಸ್ಟ್ಯಾಂಡ್ಸ್ ಆನ್ ದಿ ಯಗಚಿ. ಇಟ್ ಬಿಕೇಮ್ ಎ ವರ್ಲ್ಡ್ ಹೆರಿಟೇಜ್ ಸೈಟ್ ಇನ್ 2023.’ ಬರೆದವರ ಮನಸ್ಸಿನಲ್ಲಿ ‘ಇಟ್’ ದೇವಸ್ಥಾನ. ಆದರೆ ಓದುವವರು ವಾಕ್ಯದ ಕರ್ತೃವಾಗಿ ಬಂದ ಸರ್ವನಾಮವನ್ನು ಹಿಂದಿನ ವಾಕ್ಯದ ಕರ್ತೃವಿಗೇ ಜೋಡಿಸುತ್ತಾರೆ, ಅಲ್ಲಿರುವುದು ‘ಟೌನ್’. ನಡುವೆ ಹೊಸ ಹೆಸರು ಬಂದರೆ ಹಳೆಯ ಹೆಸರನ್ನು ಮತ್ತೆ ಹೇಳಬೇಕು. ಇಲ್ಲಿ ವಾಕ್ಯದ ಜಾಗ ಬದಲಿಸಿದರೂ ಸಾಕು: ನದಿಯ ಮಾತು ಮೊದಲು, ಆಮೇಲೆ ದೇವಸ್ಥಾನದ ಎರಡು ಸಂಗತಿಗಳು ಒಟ್ಟಿಗೆ. ವಿಷಯದಲ್ಲಿ ಇನ್ನೊಂದು ತಿದ್ದುಪಡಿಯೂ ಬೇಕು. 2023ರಲ್ಲಿ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಒಟ್ಟಾಗಿ, ಆದ್ದರಿಂದ ‘ಅಲಾಂಗ್ ವಿತ್ ದೋಸ್ ಅಟ್ ಹಳೇಬೀಡು ಅಂಡ್ ಸೋಮನಾಥಪುರ’ ಎಂದು ಸೇರಿಸಿ.

ಎರಡು ಕನ್ನಡದ ರೂಢಿಗಳ ಬಗ್ಗೆ ಬೇರೆಯಾಗಿಯೇ ಎಚ್ಚರ ಬೇಕು. ಆಡುಮಾತಿನಲ್ಲಿ ‘ಮೂಟೆಗಳು ಗೋಡೌನಲ್ಲಿ ಇದೆ, ಅದನ್ನ ಲೋಡ್ ಮಾಡಿ’ ಅನ್ನುತ್ತೇವೆ. ವಸ್ತುಗಳಿಗೆ ಬಹುವಚನದಲ್ಲೂ ‘ಅದು’ ಸಲೀಸು. ಇಂಗ್ಲಿಷಿನಲ್ಲಿ ‘ದಿ ಬ್ಯಾಗ್ಸ್ ಆರ್ ಇನ್ ದಿ ಗೋಡೌನ್, ಪ್ಲೀಸ್ ಲೋಡ್ ಇಟ್’ ಎಂದರೆ ‘ಇಟ್’ ಏಕವಚನದ ‘ಗೋಡೌನ್’ ಕಡೆ ಹೋಗುತ್ತದೆ. ‘ದೆಮ್’ ಬೇಕು. ಇನ್ನೊಂದು, ಗೌರವದ ‘ಅವರು’. ‘ಅವರ್ ಹೆಡ್‌ಮಿಸ್ಟ್ರೆಸ್ ಕೇಮ್. ದೆ ಸ್ಪೋಕ್ ಟು ದಿ ಪೇರೆಂಟ್ಸ್’ ಎಂದರೆ ಹಲವರು ಬಂದರು ಎಂದು ತೋರುತ್ತದೆ. ‘ಶಿ’ ಎಂದರೆ ಅಗೌರವವಾಗುವುದಿಲ್ಲ. ಇಂಗ್ಲಿಷಿನಲ್ಲಿ ಗೌರವ ಸರ್ವನಾಮದಲ್ಲಿಲ್ಲ, ಹೆಸರಿನ ಹಿಂದಿನ ‘ಮಿಸ್ಟರ್’, ‘ಡಾಕ್ಟರ್’ಗಳಲ್ಲೂ ಮಾತಿನ ಧಾಟಿಯಲ್ಲೂ ಇದೆ. ಆದರೆ ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬರ ಬಗ್ಗೆ ‘ಇಫ್ ಎ ಗೆಸ್ಟ್ ಲೂಸಸ್ ದೆರ್ ಕೀ’ ಎನ್ನುವುದು ಸರಿಯಾದ ಬಳಕೆಯೇ.

ಒಂದು ಪ್ಯಾರಾ ಪೂರ್ತಿ ತಿದ್ದಿ ನೋಡೋಣ

‘ಅವರ್ ಹೌಸ್ ಈಸ್ ಇನ್‌ಸೈಡ್ ಎ ಕಾಫಿ ಎಸ್ಟೇಟ್ ಅಂಡ್ ಇಟ್ ಈಸ್ ಫಿಫ್ಟಿ ಇಯರ್ಸ್ ಓಲ್ಡ್. ಗೆಸ್ಟ್ಸ್ ಎಂಜಾಯ್ ವಾಕಿಂಗ್, ಬರ್ಡ್‌ವಾಚಿಂಗ್ ಅಂಡ್ ಟು ಸೀ ದಿ ಡ್ರೈಯಿಂಗ್ ಯಾರ್ಡ್. ದೆ ಸರ್ವ್ ಅಕ್ಕಿ ರೊಟ್ಟಿ ಅಂಡ್ ಕಡುಬು. ಇನ್ ದಿ ರೇನ್ಸ್, ಚೆಕ್ ಯುವರ್ ಶೂಸ್ ಫಾರ್ ಲೀಚಸ್ ಅಂಡ್ ಪುಟ್ ಸಾಲ್ಟ್ ಆನ್ ದೆಮ್.’

ಮೊದಲು ಪಟ್ಟಿಗಳನ್ನು ತಿದ್ದಿ, ಸರ್ವನಾಮ ಆಮೇಲೆ. ಪಟ್ಟಿ ತಿದ್ದುವಾಗ ಹೊಸ ‘ಇಟ್’, ‘ದೆಮ್’ಗಳು ಹುಟ್ಟುತ್ತವೆ, ಅವನ್ನೂ ಒಂದೇ ಸುತ್ತಿನಲ್ಲಿ ಹಿಡಿಯಬಹುದು. ಎರಡನೇ ವಾಕ್ಯದ ಬುಡ ‘ಗೆಸ್ಟ್ಸ್ ಎಂಜಾಯ್’. ‘ಎಂಜಾಯ್’ ಬೆನ್ನಿಗೆ ಕ್ರಿಯಾಪದ ಬಂದರೆ ‘ಟು’ ರೂಪದಲ್ಲಿ ಬರುವುದಿಲ್ಲ, ‘ಇಂಗ್’ ರೂಪದಲ್ಲೇ ಬರುತ್ತದೆ. ‘ವಾಕಿಂಗ್, ಬರ್ಡ್‌ವಾಚಿಂಗ್ ಅಂಡ್ ಸೀಯಿಂಗ್ ದಿ ಡ್ರೈಯಿಂಗ್ ಯಾರ್ಡ್’ ಎಂದರೆ ವ್ಯಾಕರಣ ಸರಿ, ಕಿವಿಗೆ ಇನ್ನೂ ಒರಟು. ‘ವಿಸಿಟಿಂಗ್ ದಿ ಡ್ರೈಯಿಂಗ್ ಯಾರ್ಡ್’ ಉತ್ತಮ.

ಈಗ ಬಾಣಗಳು. ಐವತ್ತು ವರ್ಷ ಹಳೆಯದು ಮನೆಯೋ ತೋಟವೋ? ಮನೆಯಾದರೆ ‘ಅವರ್ ಫಿಫ್ಟಿ-ಇಯರ್-ಓಲ್ಡ್ ಹೌಸ್ ಈಸ್ ಇನ್‌ಸೈಡ್ ಎ ಕಾಫಿ ಎಸ್ಟೇಟ್’. ವಿಶೇಷಣವನ್ನು ನಾಮಪದದ ಪಕ್ಕಕ್ಕೆ ತಂದರೆ ಸರ್ವನಾಮವೇ ಬೇಡ. ಮೂರನೇ ವಾಕ್ಯದ ‘ದೆ’ ಹಿಂದಿನ ಕರ್ತೃವಾದ ‘ಗೆಸ್ಟ್ಸ್’ ಕಡೆ ಹೋಗಿ, ಅತಿಥಿಗಳೇ ರೊಟ್ಟಿ ಬಡಿಸುವ ಹಾಗೆ ಆಗಿದೆ. ‘ವಿ ಸರ್ವ್’ ಎನ್ನಿ. ಕೊನೆಯ ‘ದೆಮ್’ ಶೂಗೋ ಇಂಬಳಕ್ಕೋ, ಅಂದರೆ ಜಿಗಣೆಗೋ? ಉಪ್ಪು ಹಾಕುವುದು ಇಂಬಳಕ್ಕೆ ಎಂದು ಮಲೆನಾಡಿನವರಿಗೆ ಗೊತ್ತು, ಬೆಂಗಳೂರಿನಿಂದಲೋ ದೆಹಲಿಯಿಂದಲೋ ಬಂದವರಿಗೆ ಗೊತ್ತಿರಬೇಕಿಲ್ಲ. ‘ಚೆಕ್ ಯುವರ್ ಶೂಸ್ ಫಾರ್ ಲೀಚಸ್, ಅಂಡ್ ಪುಟ್ ಸಾಲ್ಟ್ ಆನ್ ಎನಿ ಲೀಚ್ ಯು ಫೈಂಡ್.’

ಬರೆದವರೇ ಪರೀಕ್ಷಿಸಿದರೆ ಬಾಣಗಳು ಸಾಮಾನ್ಯವಾಗಿ ಸರಿಯಾಗಿಯೇ ಕಾಣುತ್ತವೆ, ಏಕೆಂದರೆ ‘ತನ್ನ’ ಯಾರೆಂದು ಅವರಿಗೆ ಮೊದಲೇ ಗೊತ್ತು. ಬರಹವನ್ನು ಒಂದು ರಾತ್ರಿ ಪಕ್ಕಕ್ಕಿಟ್ಟು ಬೆಳಿಗ್ಗೆ ನೋಡಿ. ಇಲ್ಲವಾದರೆ ವಿಷಯ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು, ಪ್ರತಿ ‘ಇಟ್’, ‘ದೆ’, ‘ಹಿಸ್’ ಮೇಲೆ ಬೆರಳಿಟ್ಟು ‘ಇದು ಯಾವುದು, ಇವರು ಯಾರು’ ಎಂದಷ್ಟೇ ಕೇಳಿ. ಅವರು ಒಂದು ಕ್ಷಣ ತಡೆದರೂ ಆ ಜಾಗದಲ್ಲಿ ಹೆಸರನ್ನೇ ಬರೆಯಿರಿ.